ತರೀಕೆರೆ ಫೈನಲ್ಲಿನ ಒಂದೇ ಗೋಲು

ಕಣ್ಣಿನ ಪೊರೆ ಬಲಿತಿದೆಯೋ ಇಲ್ಲವೋ ತೋರಿಸಿಕೊಳ್ಳಲು ಮೊನ್ನೆ ಕಡೂರಿನಿಂದ ತರೀಕೆರೆಗೆ ಹೋಗಿದ್ದೆ. ಇನ್ನೂ ಬಲಿತಿಲ್ಲ, ಬೇಸಿಗೆ ಕಳೆದು ಬನ್ನಿ ಎಂದು ಡಾಕ್ಟರು ಹಲಸಿನಕಾಯಿಯ ವಿಷಯ ಹೇಳುವ ಹಾಗೆ ಹೇಳಿ ಕಳಿಸಿದರು. ಬಸ್ ಸ್ಟ್ಯಾಂಡಿಗೆ ಹತ್ತಿರವಾಗಲೆಂದು ಮೈದಾನದ ಅಡ್ಡದಾರಿ ಹಿಡಿದೆ. ಯಾರೋ ಆಗತಾನೇ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಹೋಗಿದ್ದರು. ಅದರ ಮೇಲೆ ನಾಲ್ಕು ಹನಿ ತುಂತುರು ಬಿದ್ದಿತ್ತು. ಒದ್ದೆ ಸುಣ್ಣದ ವಾಸನೆ ಬಂದದ್ದೇ ತಡ, ನನ್ನ ಕಾಲು ಮುಂದಕ್ಕೆ ಹೋಗಲಿಲ್ಲ. ಪೊರೆ ಬರುವುದು ಕಣ್ಣಿಗೆ ಮಾತ್ರ. ಮೂಗಿಗೆ ಬಂದಿದ್ದರೆ ಎಷ್ಟೋ ಒಳ್ಳೆಯದಿತ್ತು.

ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಹಿಂದಿನ ಮಾತು ಅದು. ಕಡೂರಿನ ನಮ್ಮ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಹುದ್ದೆ ಖಾಲಿಯಿತ್ತು. ಅದಕ್ಕೂ ಹಿಂದಿನ ವರ್ಷಗಳಲ್ಲೂ ಖಾಲಿಯಿತ್ತು. ಖಾಲಿಯಿರುವುದೇ ಆ ಹುದ್ದೆಯ ಸ್ವಭಾವವೆಂದು ಎಲ್ಲರೂ ಒಪ್ಪಿಕೊಂಡಾಗಿತ್ತು. ಆದರೆ ಖಾಲಿ ಹುದ್ದೆಗೂ ಒಬ್ಬ ಪ್ರಭಾರಿ ಬೇಕೆಂಬುದು ಘನ ಸರ್ಕಾರದ ನಂಬಿಕೆ. ಚರಿತ್ರೆಯ ಮೇಷ್ಟನಾದ ನನ್ನನ್ನು ಆ ಪಟ್ಟಕ್ಕೆ ಏರಿಸಿದರು. ನನಗಿದ್ದ ಅರ್ಹತೆ ಒಂದೇ: ಪ್ರಭಾರಿಯನ್ನು ಆರಿಸುವ ಸಭೆಗೆ ನಾನು ತಡವಾಗಿ ಹೋಗಿದ್ದೆ. ಪಟ್ಟಾಭಿಷೇಕದ ಕಾಣಿಕೆಯಾಗಿ ಒಂದು ಬೀರುವಿನ ಕೀಲಿ, ಗಾಳಿ ಹೋದ ಕೆಲವು ಚೆಂಡು ಮತ್ತು ಊದಿದರೆ ಉಗುಳು ಮಾತ್ರ ಹೊರಡುವ ಒಂದು ಸೀಟಿ ನನ್ನ ಕೈಸೇರಿದವು.

ದೀಪಾವಳಿ ಕಳೆದು ರಾಗಿ ಕೊಯ್ಲು ಶುರುವಾಗುವ ಹೊತ್ತಿಗೆ ಯೂನಿವರ್ಸಿಟಿಯಿಂದ ಸುತ್ತೋಲೆ ಬಂತು. ಅಂತರ ಕಾಲೇಜು ಮಹಿಳಾ ಫುಟ್‌ಬಾಲ್ ಪಂದ್ಯಾವಳಿಗೆ ತಂಡಗಳು ಸಾಲುತ್ತಿಲ್ಲ, ಪ್ರತಿ ಕಾಲೇಜೂ ಒಂದು ತಂಡವನ್ನು ಕಳಿಸತಕ್ಕದ್ದು. ‘ತಕ್ಕದ್ದು’ ಕಂಡರೆ ನಮ್ಮ ಪ್ರಿನ್ಸಿಪಾಲರಿಗೆ ಚಳಿಗಾಲದಲ್ಲೂ ಬೆವರುತ್ತಿತ್ತು.

“ಕಳಿಸಿಬಿಡಿ ಸಾರ್. ಗೆಲ್ಲೋದು ಸೋಲೋದು ಆಮೇಲಿನ ಮಾತು. ಹೋಗಿ ಬಂದ್ವಿ ಅಂತ ಆಗ್ಬೇಕು ಅಷ್ಟೆ,” ಎಂದರು.

ನಮ್ಮಲ್ಲಿ ಹುಡುಗಿಯರ ಕಬಡ್ಡಿ ತಂಡವಿತ್ತು. ಏಳು ಜನ. ಖೋಖೋ ಆಡುವವರಲ್ಲಿ ನಾಲ್ವರು ಬರುತ್ತೇವೆಂದರು. ಫುಟ್‌ಬಾಲಿಗೆ ಬೇಕಾದದ್ದು ಹನ್ನೊಂದು. ಲೆಕ್ಕ ಇಷ್ಟು ಲಕ್ಷಣವಾಗಿ ಕೂಡಿಬಂದ ಮೇಲೆ ಆಟ ಬರುವುದಿಲ್ಲವೆಂಬುದು ಸಣ್ಣ ವಿಷಯವಾಗಿ ಕಂಡಿತು. ಹಿರೇನಲ್ಲೂರಿನ ಮಮತಾ ಕ್ಯಾಪ್ಟನ್ ಆದಳು. ಅವಳ ಬಾಯಿಗೆ ಹೆದರಿ ಉಳಿದವರೆಲ್ಲ ಒಮ್ಮತದಿಂದ ಆರಿಸಿದರು. ಗೋಲ್‌ಕೀಪರ್ ಆಗಿ ಸಿಂಗಟಗೆರೆಯ ಶೈಲಾಳನ್ನು ನಿಲ್ಲಿಸಿದೆವು. ಬಿ.ಎ. ಕೊನೆಯ ವರ್ಷದವಳು, ಕಬಡ್ಡಿಯಲ್ಲಿ ನಮ್ಮ ಸೀಮೆಗೇ ಒಳ್ಳೆಯ ರೈಡರ್. ಅವಳು ಎದುರು ಪಾಳೆಯಕ್ಕೆ ನುಗ್ಗಿದಳೆಂದರೆ ನಾಲ್ಕು ಜನ ಮೇಲೆ ಬಿದ್ದು ಅಮುಕಿದರೂ ತೆವಳಿಕೊಂಡು ಬಂದು ನಡುಗೆರೆ ಮುಟ್ಟಿಯೇ ಉಸಿರು ಬಿಡುತ್ತಿದ್ದಳು.

ಅಭ್ಯಾಸ ಬೆಳಗಿನ ಚಳಿಯಲ್ಲಿ. ಕೋಚ್ ಎಂದರೆ ಮಮತಾಳ ಮೊಬೈಲು. ಅದರಲ್ಲಿ ಯಾರೋ ಪರದೇಶದ ಹೆಂಗಸು ತೋರಿಸಿದ್ದನ್ನು ಇವರು ಮೈದಾನದಲ್ಲಿ ಮಾಡುವುದು, ನಾನು ಸ್ವೆಟರ್ ಹಾಕಿಕೊಂಡು ತಲೆಯಾಡಿಸುವುದು. ಮೊದಲ ವಾರದ ಆಟ ನೋಡಲು ಎರಡು ಕಣ್ಣು ಸಾಲದು. ಚೆಂಡು ಎದೆಯ ಮಟ್ಟಕ್ಕೆ ಬಂದರೆ ಎಲ್ಲರೂ ಕೈಯಲ್ಲೇ ಹಿಡಿಯುವವರು. ರಕ್ಷಣೆಗೆ ನಿಂತ ಕಬಡ್ಡಿ ಹುಡುಗಿಯರು ಕೈಕೈ ಹಿಡಿದು ಸರಪಳಿ ಕಟ್ಟಿದರು. ಖೋಖೋದಿಂದ ಬಂದವಳೊಬ್ಬಳು ಎದುರಾಳಿಯ ಬೆನ್ನು ತಟ್ಟಿ “ಖೋ” ಎಂದು ಕೂಗಿ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

“ಲೇ, ಎದ್ದೇಳೇ! ಎಲ್ರೂ ನೋಡ್ತವ್ರೆ,” ಎಂದು ಮಮತಾ ತಲೆ ಚಚ್ಚಿಕೊಂಡಳು. “ಸಾರ್, ಇವಳ ಕೈಲಿ ಫುಟ್‌ಬಾಲ್ ಆಡ್ಸೋದಕ್ಕಿಂತ ಎಮ್ಮೆಗೆ ಸೈಕಲ್ ಕಲ್ಸೋದು ಸುಲಭ.”

ಹೀಗೆ ಹತ್ತು ಜನರ ಮೈಯಿಂದ ಹಳೆಯ ಆಟವನ್ನು ಬಿಡಿಸುವುದರಲ್ಲಿ ಕೊಯ್ಲೇ ಮುಗಿಯುತ್ತ ಬಂತು. ಶೈಲಾಳ ತಂಟೆಗೆ ಮಾತ್ರ ಯಾರೂ ಹೋಗಲಿಲ್ಲ. ಹನ್ನೊಂದು ಜನರಲ್ಲಿ ಕೈ ಬಳಸುವ ಹಕ್ಕು ಗೋಲ್‌ಕೀಪರಿಗೆ ಒಬ್ಬಳಿಗೇ. ಹಾರಿ ಹಿಡಿಯುವುದು, ಬಿದ್ದು ಹಿಡಿಯುವುದು, ನುಗ್ಗಿಬಂದವರ ಕಾಲಡಿಯಿಂದ ಕಿತ್ತುಕೊಳ್ಳುವುದು, ಎಲ್ಲವೂ ಅವಳಿಗೆ ಬರುತ್ತಿತ್ತು. ಆದ್ದರಿಂದ ಅವಳಿಗೆ ಏನನ್ನೂ ಮರೆಯುವ ಕೆಲಸ ಬೀಳಲಿಲ್ಲ.

ಬೇರೆ ಊರಿಗೆ ಹೋಗಿ ಆಡಬೇಕಾದ್ದರಿಂದ ಮನೆಯವರ ಒಪ್ಪಿಗೆ ಬೇಕಿತ್ತು. ಶೈಲಾಳ ತಂದೆ ಓಂಕಾರಪ್ಪನವರು ತಾವೇ ಕಾಲೇಜಿಗೆ ಬಂದರು. ತೆಂಗಿನ ತೋಟ, ಒಂದಿಷ್ಟು ಖುಷ್ಕಿ ಇದ್ದ ಗಟ್ಟಿಮುಟ್ಟಾದ ಮನುಷ್ಯ. ಮಗಳಿಗೆ ಕಬಡ್ಡಿ ಕಲಿಸಿದವರು ಅವರೇ.

“ಮೇಷ್ಟ್ರೇ, ಒಕ್ಕಣೆ ಕಾಲ. ಇವಳು ಮನೇಲಿಲ್ದಿದ್ರೆ ನನಗೆ ಒಂದು ಕೈ ಇಲ್ದಂಗೆ. ಕಬಡ್ಡಿಯಾದ್ರೆ ನಂಗೊತ್ತು. ಈ ಫುಟ್‌ಬಾಲ್ ಗೆದ್ರೆ ಏನ್ ಬತ್ತದೆ, ಅದನ್ನ ಸ್ವಲ್ಪ ಬಿಡಿಸಿ ಹೇಳಿ.”

ನಾನು ಗಂಟಲು ಸರಿಮಾಡಿಕೊಂಡು ಪಂದ್ಯಾವಳಿಯ ಸಂವಿಧಾನವನ್ನು ಅವರ ಮುಂದಿಟ್ಟೆ. ಯೂನಿವರ್ಸಿಟಿಯ ಸೀಮೆಯನ್ನು ವಲಯಗಳಾಗಿ ಹಂಚಿರುತ್ತಾರೆ. ಸೋತವರು ಅಲ್ಲಿಂದಲೇ ಮನೆಗೆ, ಎರಡನೇ ಅವಕಾಶವೆಂಬುದಿಲ್ಲ. ಗೆದ್ದು ಉಳಿದ ನಾಲ್ಕು ಕಾಲೇಜುಗಳಿಗೆ ಸೆಮಿಫೈನಲ್, ಅದರಲ್ಲಿ ಗೆದ್ದ ಇಬ್ಬರಿಗೆ ಫೈನಲ್. ಫೈನಲ್ಲು ಇಬ್ಬರ ಊರಿನಲ್ಲೂ ನಡೆಯಕೂಡದು. ಇಬ್ಬರಿಗೂ ಸಮಾನವಾಗಿ ಅನಾನುಕೂಲವಾದ ಮೂರನೇ ಊರು ಬೇಕು. ಅದಕ್ಕೆ ತಟಸ್ಥ ಮೈದಾನವೆಂದು ಹೆಸರು.

“ಗೆದ್ರೆ?”

“ಕಪ್ಪು ಕಾಲೇಜಿಗೆ.”

“ಕಪ್ಪು ನಿಮ್ಗೆ. ನಮ್ ಮಗೀಗೇನು?”

“ಅಲ್ಲೇ ಇರೋದು ವಿಷ್ಯ. ಫೈನಲ್ ದಿನ ಸೆಲೆಕ್ಷನ್ ಕಮಿಟಿ ಅಂತ ಮೂರು ಜನ ಬಂದು ಕೂತ್ಕೋತಾರೆ. ಚೆನ್ನಾಗಿ ಆಡಿದೋರ್ನ ಹೆಕ್ಕಿ ಯೂನಿವರ್ಸಿಟಿ ತಂಡ ಮಾಡ್ತಾರೆ. ಆ ತಂಡ ಬೇರೆ ರಾಜ್ಯದ ಯೂನಿವರ್ಸಿಟಿಗಳ ಮೇಲೆ ಆಡುತ್ತೆ. ಅಲ್ಲಿ ಕೊನೇವರೆಗೂ ಗೆದ್ದೋರು ಇಡೀ ದೇಶದ ಕಾಲೇಜುಗಳಿಗೇ ಚಾಂಪಿಯನ್ನು.”

“ದೇಶ ಗೆದ್ಕೊಂಡು ಬಂದು ಏನ್ಮಾಡ್ತಾಳೆ?”

ಶೈಲಾ ಅಲ್ಲಿಯವರೆಗೆ ಗೋಡೆಗೊರಗಿ ಉಗುರು ನೋಡಿಕೊಳ್ಳುತ್ತ ನಿಂತಿದ್ದಳು. “ಆ ತಂಡದಲ್ಲಿ ಆಡಿದ್ರೆ ಪಿ.ಟಿ. ಮೇಡಂ ಆಗೋ ಕೋರ್ಸಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಸೀಟ್ ಸಿಗ್ತದಪ್ಪಾ. ನನ್ ಮಾರ್ಕ್ಸಿಗೆ ಬೇರೆ ದಾರಿ ಇಲ್ಲ. ಕಬಡ್ಡೀಲಿ ನಮ್ ಕಾಲೇಜು ಮೊದಲ್ನೇ ಸುತ್ತಲ್ಲೇ ಸೋತೋಯ್ತಲ್ಲ.”

ಓಂಕಾರಪ್ಪನವರು ದೈಹಿಕ ಶಿಕ್ಷಣದ ಆ ಕೋಣೆಯ ಸುತ್ತ ಕಣ್ಣಾಡಿಸಿ ಮೇಜಿನ ಹಿಂದಿನ ಖಾಲಿ ಖುರ್ಚಿಯ ಮೇಲೆ ನೋಟ ನಿಲ್ಲಿಸಿದರು. “ಇದ್ಯಾರ್ದು?”

“ಯಾರ್ದೂ ಅಲ್ಲ. ನಿಮ್ಮ ಮಗಳು ಓದ್ಕೊಂಡು ಬಂದು ಕೂರೋವರ್ಗೂ ನಾನು ಧೂಳು ಹೊಡೀತಿರ್ತೀನಿ,” ಎಂದೆ.

ಅರ್ಧ ತಮಾಷೆಗೆ ಹೇಳಿದ್ದು. ಆದರೆ ತಂದೆ ಮಗಳು ಇಬ್ಬರೂ ನಗಲಿಲ್ಲ. ಇಬ್ಬರೂ ಆ ಖುರ್ಚಿಯನ್ನು, ತೆಂಗಿನ ಸಸಿ ಕೊಳ್ಳುವವರು ನೋಡುವ ಹಾಗೆ, ಬುಡದಿಂದ ತುದಿಯವರೆಗೆ ನೋಡಿದರು. ಅಂದಿನಿಂದ ನನಗೂ ಅದು ತಮಾಷೆಯಾಗಿ ಉಳಿಯಲಿಲ್ಲ.

ಮೊದಲ ಪಂದ್ಯಕ್ಕೆ ಎದುರಾಳಿಗಳು ಬರಲೇ ಇಲ್ಲ. ಅವರಿಗೂ ‘ತಕ್ಕದ್ದು’ ಎಂಬ ಸುತ್ತೋಲೆ ಹೋಗಿತ್ತು, ಪ್ರಿನ್ಸಿಪಾಲರು ಧೈರ್ಯವಂತರಿರಬೇಕು. ಆಡದೆಯೇ ನಾವು ಗೆದ್ದೆವು. ಚರಿತ್ರೆಯಲ್ಲಿ ಎಷ್ಟೋ ಸಾಮ್ರಾಜ್ಯಗಳು ಬೆಳೆದದ್ದು ಹೀಗೆಯೇ ಎಂದು ಹುಡುಗಿಯರಿಗೆ ಸಮಾಧಾನ ಹೇಳಿದೆ. ಎರಡನೆಯದರಲ್ಲಿ ಮಮತಾ ಎತ್ತಲೋ ಒದ್ದ ಚೆಂಡು ಗೋಲುಕಂಬಕ್ಕೆ ಬಡಿದು ಒಳಗೆ ಹೋಯಿತು. ಅಲ್ಲಿಗೆ ನಾವು ಸೆಮಿಫೈನಲ್ಲಿನಲ್ಲಿದ್ದೆವು.

ಸೆಮಿಫೈನಲ್ಲು ಅಜ್ಜಂಪುರದಲ್ಲಿ. ಬಯಲುಸೀಮೆಯ ಗಾಳಿ ಆ ದಿನ ಯಾರ ಪಕ್ಷವನ್ನೂ ವಹಿಸದೆ ಎರಡೂ ಕಡೆಯವರ ಕಣ್ಣಿಗೆ ಮಣ್ಣು ತುಂಬಿತು. ಗೋಲಿಲ್ಲದೆ ಆಟ ಮುಗಿದು ಟೈ ಬ್ರೇಕರಿಗೆ ಬಂತು. ಒಬ್ಬೊಬ್ಬರಾಗಿ ಬಂದು ಗೋಲ್‌ಕೀಪರಿನ ಎದುರು ಚೆಂಡಿಟ್ಟು ಒದೆಯುವುದು, ಕೊನೆಗೆ ಯಾರದು ಹೆಚ್ಚು ಒಳಗೆ ಹೋಯಿತೋ ಅವರು ಗೆದ್ದಂತೆ. ಶೈಲಾ ಮಂಡಿ ಬಗ್ಗಿಸಿ, ಕೈ ಚಾಚಿ, ಒದೆಯುವವಳ ಕಣ್ಣನ್ನೇ ನೋಡುತ್ತ ಎಡಕ್ಕೆ ಬಲಕ್ಕೆ ತೂಗತೊಡಗಿದಳು. ಅದು ಕಬಡ್ಡಿಯ ನಿಲುವು. ಎದುರಾಳಿ ಹುಡುಗಿಯರಿಗೆ ಚೆಂಡು ಯಾವುದು ಕಾಲು ಯಾವುದು ತಿಳಿಯದೆ ಹೋಯಿತು. ಒಂದನ್ನು ಆಕಾಶಕ್ಕೆ ಒದ್ದರು, ಎರಡನ್ನು ಇವಳು ಹಿಡಿದುಬಿಟ್ಟಳು.

ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬೋಂಡ. ಮಮತಾ ಶೈಲಾಳ ಬಾಯಿಗೆ ಬೋಂಡ ತುರುಕುತ್ತ, “ತಿನ್ನೇ ಮೇಡಂ, ತಿನ್ನು. ನಾಳೆ ನೀನು ಕಾಲೇಜಿಗೆ ಬಂದ್ಮೇಲೆ ನಮ್ ಮಕ್ಳನ್ನ ಬಿಸ್ಲಲ್ಲಿ ಓಡ್ಸಿ ಸಾಯ್ಸಬೇಡ ಕಣೇ,” ಎಂದಳು. ಶೈಲಾ ಬಾಯಿ ತುಂಬ ಬೋಂಡ ಇಟ್ಟುಕೊಂಡೇ, “ನಿನ್ ಮಕ್ಳಾದ್ರೆ ಎರಡು ರೌಂಡ್ ಜಾಸ್ತಿ,” ಎಂದಳು. ಖುಷಿಯೆಂದರೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಆ ಎಣ್ಣೆ ಮೆತ್ತಿದ ಬೆರಳುಗಳನ್ನು ತೋರಿಸುತ್ತಿದ್ದೆ.

ಫೈನಲ್ಲಿಗೆ ತಟಸ್ಥ ಮೈದಾನವಾಗಿ ತರೀಕೆರೆಯನ್ನು ಗೊತ್ತುಮಾಡಿದ್ದರು. ಎದುರಾಳಿ ಶಿವಮೊಗ್ಗದ ಕಡೆಯ ಒಂದು ಕಾಲೇಜು. ಅವರಿಗೆ ಜೀವಸಹಿತವಾದ ಕೋಚ್ ಇದ್ದರು. ಹನ್ನೊಂದು ಜನರ ಬೂಟೂ ಒಂದೇ ಬಣ್ಣ. ನಮ್ಮವರು ಹಾಕಿಕೊಂಡದ್ದು ಗಂಡುಹುಡುಗರ ಕಬಡ್ಡಿ ಬನಿಯನ್ನಿನ ಮೇಲೆ ನಂಬರು ಹೊಲಿಸಿದ್ದು. ಎಲ್ಲೋ ಸಮುದ್ರದಲ್ಲಿ ಎದ್ದ ಚಂಡಮಾರುತದ ಮೋಡ ನಮ್ಮ ರಾಗಿಯ ಮೇಲೆ ಬಂದು ನಿಂತಿದ್ದ ದಿನಗಳು. ಬೆಳಗಿನಿಂದ ಬಿಟ್ಟು ಬಿಟ್ಟು ತುಂತುರು. ಸುಣ್ಣದ ಗೆರೆಗಳು ಕಲಸಿ ಹಿಟ್ಟಿನಂತಾಗಿದ್ದವು. ಶಾಮಿಯಾನದಡಿ ಕಮಿಟಿಯ ಮೂವರೂ ಶಾಲು ಹೊದ್ದು, ಮದುವೆಗೆ ಬಂದ ಗಂಡಿನ ಕಡೆಯ ಹಿರಿಯರಂತೆ ಕೂತಿದ್ದರು.

ಆಟ ನಡೆದದ್ದೆಲ್ಲ ನಮ್ಮ ಅರ್ಧದಲ್ಲೇ. ಅವರು ಹೊಡೆಯುವುದು, ಶೈಲಾ ಹಿಡಿಯುವುದು. ಕೆಸರಲ್ಲಿ ಅವಳ ನಂಬರೂ ಕಾಣದಂತಾಯಿತು. ನಡುವಿನ ಬಿಡುವಿನಲ್ಲಿ ಕಮಿಟಿಯ ಹಿರಿಯರೊಬ್ಬರು ನನ್ನನ್ನು ಕರೆದು, “ಆ ಗೋಲ್‌ಕೀಪರ್ ಹೆಸರೇನ್ರೀ?” ಎಂದು ಕೇಳಿದರು. ನಾನು ಇನಿಷಿಯಲ್ ಸಮೇತ ಹೇಳಿದೆ, ಊರನ್ನೂ ಸೇರಿಸಿ ಹೇಳಿದೆ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಜಾತಕವನ್ನೂ ಹೇಳುತ್ತಿದ್ದೆನೋ ಏನೋ.

ಬೆಳಕು ಮಂಕಾಗುತ್ತ ಬಂತು. ಗೋಲಿಲ್ಲ. ಹೀಗೇ ಮುಗಿದರೆ ಟೈ ಬ್ರೇಕರು. ಟೈ ಬ್ರೇಕರು ಎಂದರೆ ಶೈಲಾ. ಅಜ್ಜಂಪುರದ ಸುದ್ದಿ ಅವರ ಕೋಚಿಗೂ ಮುಟ್ಟಿತ್ತು. ಅವರು ಗೆರೆಯ ಪಕ್ಕದಲ್ಲಿ ಓಡಾಡುತ್ತ ತಮ್ಮ ಹುಡುಗಿಯರ ಮೇಲೆ ಕೂಗಾಡುತ್ತಿದ್ದರು. ರೆಫರಿ ಗಡಿಯಾರ ನೋಡಿಕೊಳ್ಳತೊಡಗಿದಾಗ ಅವರ ಕಡೆಯಿಂದ ಎತ್ತರದ ಚೆಂಡೊಂದು ನಮ್ಮ ಗೋಲಿನ ಮುಂದೆ ಬಂತು. ಶೈಲಾ ಗೋಲುಕಂಬ ಬಿಟ್ಟು ಮುಂದಕ್ಕೆ ನುಗ್ಗಿ, ಹಾರಿ, ನಾಲ್ಕು ತಲೆಗಳ ಮೇಲಿಂದ ಅದನ್ನು ಕಿತ್ತುಕೊಂಡು ಬಿದ್ದಳು. ಚೆಂಡು ಅವಳ ತೋಳಿನಲ್ಲಿತ್ತು. ಅಲ್ಲಿಗೆ ಮುಗಿಯಿತು. ನಾನು ಉಸಿರುಬಿಟ್ಟೆ.

ಆದರೆ ಹಿಂದೆಯೇ ಓಡಿಬಂದ ಮೂವರು ಎದುರಾಳಿಗಳು ಕೆಸರಲ್ಲಿ ಜಾರಿ ಅವಳ ಮೇಲೆ, ಅಕ್ಕಪಕ್ಕ, ಒಟ್ಟಿಗೆ ಬಿದ್ದರು. ಒಬ್ಬಳ ಮೈ ಶೈಲಾಳ ಹಿಮ್ಮಡಿಯ ಮೇಲೆ ಅಡ್ಡ ಬಿತ್ತು. ಸುಮ್ಮನೆ ಮಲಗಿದ್ದರೆ ಸಾಕಿತ್ತು. ಕಾಲು ಸಿಕ್ಕಿಬಿದ್ದದ್ದು ಅವಳ ಮೈಗೆ ತಿಳಿದ ಗಳಿಗೆಯಲ್ಲಿ ಅದು ಫುಟ್‌ಬಾಲ್ ಮೈದಾನವಾಗಿ ಉಳಿಯಲಿಲ್ಲ. ಚೆಂಡನ್ನು ಒಂದು ಕೈಯಲ್ಲಿ ಅವುಚಿಕೊಂಡು, ಮೊಣಕೈ ಊರಿ, ಹಿಡಿದವರನ್ನು ಎಳೆದುಕೊಂಡೇ ತೆವಳಿದಳು. ಕಣ್ಣು ಇದ್ದದ್ದು ಹಿಂದಿದ್ದ ಬಿಳಿ ಗೆರೆಯ ಮೇಲೆ. ನಮ್ಮ ಗೋಲಿನ ಗೆರೆ.

“ಶೈಲೀ, ಬ್ಯಾಡ ಕಣೇ! ಬ್ಯಾಡ!” ಎಂದು ಮಮತಾ ಚೀರಿದಳು.

ಕೇಳಿಸಿದ್ದರೆ ತಾನೆ. ಅವಳು ಒಂದು ಸಲ ಮೈ ಜಾಡಿಸಿ, ತೋಳು ಪೂರ್ತಿ ಚಾಚಿ, ಅಂಗೈಯಲ್ಲಿದ್ದ ಚೆಂಡನ್ನು ಗೆರೆಯ ಆಚೆಗೆ ಒತ್ತಿ ಹಿಡಿದಳು. ಚೆಂಡು ಪೂರ್ತಿಯಾಗಿ ಗೆರೆ ದಾಟಿದರೆ ಗೋಲು. ಗೋಲ್‌ಕೀಪರೇ ದಾಟಿಸಿದರೂ ಅದು ಎದುರಾಳಿಗಳ ಲೆಕ್ಕಕ್ಕೆ, ಯಾಕೆ ದಾಟಿತೆಂದು ನಿಯಮ ಕೇಳುವುದಿಲ್ಲ. ರೆಫರಿ ಕೂಡ ಒಂದು ಕ್ಷಣ ಸೀಟಿಯನ್ನು ತುಟಿಯಲ್ಲೇ ಇಟ್ಟುಕೊಂಡು ನಿಂತ. ಆಮೇಲೆ ಊದಿದ.

ಶೈಲಾ ಎದ್ದು ನಿಂತಳು. ಗಲ್ಲಕ್ಕೆ ಸುಣ್ಣ, ಹಣೆಗೆ ಕೆಸರು. ಎರಡೂ ಕೈ ಮೇಲೆತ್ತಿ ನಮ್ಮ ಕಡೆ ತಿರುಗಿ ನಕ್ಕಳು. ಪಾಯಿಂಟು ತಂದವಳ ನಗು. ಸಿಂಗಟಗೆರೆಯ ಬಯಲಲ್ಲಿ ಎಷ್ಟು ಸಲ ನಕ್ಕಿದ್ದಳೋ ಅದೇ ನಗು. ಇಡೀ ಮೈದಾನಕ್ಕೆ ಗೊತ್ತಾಗಿದ್ದದ್ದು ಅವಳೊಬ್ಬಳಿಗೆ ಗೊತ್ತಾಗಿರಲಿಲ್ಲ. ಎದುರಾಳಿ ಹುಡುಗಿಯರು ಕುಣಿಯಲು ಶುರುಮಾಡಿದ ಮೇಲೆ ಅವಳ ಕೈಗಳು ಒಂದೊಂದಾಗಿ ಕೆಳಗೆ ಬಂದವು. ಯುದ್ಧಗಳ ಪಾಠ ಮಾಡಿಕೊಂಡೇ ಆಯುಷ್ಯ ಕಳೆದವನು ನಾನು. ಸೋತ ರಾಜರ ಬಗ್ಗೆ ಪುಟಗಟ್ಟಲೆ ನೋಟ್ಸು ಬರೆಸಿದ್ದೇನೆ. ಸೋಲು ಒಬ್ಬರ ಮುಖದ ಮೇಲೆ ಇಳಿಯುವುದನ್ನು ನೋಡಿದ್ದು ಅದೇ ಮೊದಲು.

“ಅವಳು ಒಳಗೊಳಗೇ ಕಬಡ್ಡಿ ಕಬಡ್ಡಿ ಅಂತಿದ್ಲು ಸಾರ್,” ಎಂದಳು ಮಮತಾ ಆಮೇಲೆ, ಮೂಗೊರೆಸಿಕೊಳ್ಳುತ್ತ. “ನಂಗೆ ಕೇಳುಸ್ತು.”

ಕಪ್ಪು ಕೊಟ್ಟು ಫೋಟೋ ತೆಗೆಯುವಾಗ ನಾನು ಕಮಿಟಿಯ ಹಿರಿಯರ ಪಕ್ಕಕ್ಕೆ ಹೋಗಿ ನಿಂತೆ.

“ಒಳ್ಳೇ ಹುಡುಗಿ ಸಾರ್, ಒಪ್ಕೋತೀನಿ,” ಎಂದರು ಅವರು, ನಾನು ಬಾಯಿ ಬಿಡುವ ಮೊದಲೇ. “ಆದ್ರೆ ಯೂನಿವರ್ಸಿಟಿ ತಂಡಕ್ಕೆ ಗೋಲು ತಡೆಯೋರು ಬೇಕು. ಹೊತ್ಕೊಂಡು ಹೋಗಿ ಇಡೋರಲ್ಲ.”

“ಸಾರ್, ಈ ಪಂದ್ಯಾವಳೀಲಿ ಆಟ ನಡೀವಾಗ ಅವಳಿಗೆ ಬೇರೆ ಯಾರೂ ಗೋಲು ಹೊಡೆದಿಲ್ಲ. ಅವಳನ್ನ ಸೋಲಿಸೋಕೆ ಅವಳೇ ಬೇಕಾಯ್ತು.”

ಅವರು ನಕ್ಕರು. ಕೆಟ್ಟವರಲ್ಲ. ನನ್ನ ಭುಜ ತಟ್ಟಿ, “ಮುಂದಿನ ವರ್ಷ ಖಂಡಿತ ನೋಡೋಣ,” ಎಂದರು.

“ಫೈನಲ್ ಇಯರ್ ಸಾರ್.”

“ಛೆ,” ಎಂದರು. ಅದಕ್ಕಿಂತ ಹೆಚ್ಚು ಹೇಳುವುದು ಅವರ ಅಧಿಕಾರದಲ್ಲಿರಲಿಲ್ಲ. ಕಾಲೇಜಿನ ಆಟದ ನಿಯಮವೇ ಅದು. ಡಿಗ್ರಿ ಮುಗಿದ ದಿನ ಆಟಗಾರನೂ ಮುಗಿದ.

ಮುಂದೇನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಆ ಕೋರ್ಸಿನ ಸೀಟು ಶೈಲಾಳಿಗೆ ಸಿಗಲಿಲ್ಲ. ಸ್ವಲ್ಪ ಕಾಲ ಗಾರ್ಮೆಂಟ್ಸಿಗೆ ಹೋದಳು, ಆಮೇಲೆ ಮದುವೆಯಾಯಿತು. ಗಂಡ ಒಳ್ಳೆಯವನಂತೆ. ಕಬಡ್ಡಿಯನ್ನೂ ಅವಳು ಮತ್ತೆ ಆಡಲಿಲ್ಲ. ನಾನು ನಿವೃತ್ತನಾದ ಮೇಲೆ ಆ ಹುದ್ದೆಗೆ ದೂರದ ಊರಿನವರೊಬ್ಬರು ಬಂದರು. ಸಜ್ಜನರು, ಕೆಲಸವಂತರು. ಅವರನ್ನು ಆ ಖುರ್ಚಿಯಲ್ಲಿ ಕಂಡಾಗಲೆಲ್ಲ ನಾನು ನಮಸ್ಕಾರ ಹೇಳಿ, ಒಳಗೆ ಹೋಗದೆ ಬಾಗಿಲಿನಿಂದಲೇ ವಾಪಸಾಗುತ್ತೇನೆ. ಅವರ ತಪ್ಪೇನೂ ಇಲ್ಲ.

ಆ ಸಂಜೆ ಬಸ್ಸಿನಲ್ಲಿ ಮಮತಾ, ಬಾಯಿಗೆ ಬೀಗವಿಲ್ಲದ ನಮ್ಮ ಮಮತಾ, ಕಡೂರು ಬರುವವರೆಗೆ ಶೈಲಾಳ ಕೈ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಓಂಕಾರಪ್ಪನವರು ಮೊಪೆಡ್ ನಿಲ್ಲಿಸಿಕೊಂಡು, ತಲೆಗೆ ಟವೆಲ್ ಸುತ್ತಿ ಕಾಯುತ್ತಿದ್ದರು.

“ಏನ್ ಮಗಾ, ಗೆದ್ರಾ?”

“ಇಲ್ಲಪ್ಪಾ. ಒಂದು ಗೋಲಲ್ಲಿ ಹೋಯ್ತು.”

“ಯಾರ್ ಹೊಡ್ದಿದ್ದು?”

ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವಳು ಅವಕಾಶ ಕೊಡಲಿಲ್ಲ. “ನಾನೇ ಕಣಪ್ಪಾ. ಚೆಂಡು ನನ್ ಕೈಲೇ ಇತ್ತು. ಮೂರ್ ಜನ ಮೇಲ್ ಬಿದ್ರು. ಒಬ್ಳು ಕಾಲ್ ಹಿಡ್ಕೊಂಡಂಗಾಯ್ತು. ತೆವಳ್ಕೊಂಡ್ ಹೋಗಿ ಗೆರೆ ಮುಟ್ಬಿಟ್ಟೆ.”

ಓಂಕಾರಪ್ಪನವರ ಮುಖ ಅರಳಿತು. “ಮೂರ್ ಜನ ಹಿಡ್ದಿದ್ರೂ ಮುಟ್ಟಿದ್ಯಾ? ಭಲೇ ನನ್ನವ್ವ!” ಸುತ್ತ ನಿಂತಿದ್ದವರಿಗೂ ಕೇಳುವ ಹಾಗೆ ಹೇಳಿದರು. ಆಮೇಲೆ ಹುಬ್ಬು ಗಂಟಿಕ್ಕಿತು. “ಮತ್ತೆ ಸೋತಿದ್ದು ಹೆಂಗೆ?”

ಮಗಳು ಮೊಪೆಡ್ಡಿನ ಸೀಟಿನ ಮೇಲಿನ ಹನಿ ಒರೆಸತೊಡಗಿದಳು. ಅವರು ನನ್ನ ಕಡೆ ತಿರುಗಿದರು.

“ಏನ್ ಮೇಷ್ಟ್ರೇ? ಮುಟ್ಟಿದ್ದು ಹೌದೋ ಅಲ್ವೋ?”

ಬಿಡಿಸಿ ಹೇಳುವುದೇ ನನ್ನ ಕಸುಬಾಗಿತ್ತು. “ಹೌದು ಓಂಕಾರಪ್ಪ. ಮುಟ್ಟಿದ್ಲು. ನಾನೇ ಕಣ್ಣಾರೆ ನೋಡ್ದೆ,” ಎಂದೆ.

“ಹಂಗಾದ್ರೆ ಆ ಕಮಿಟಿಯೋರು ಆರಿಸ್ಕೊಂಡಿರ್ಬೇಕಲ್ಲ ಇವಳನ್ನ?”

ಶೈಲಾ ಅವರ ಕೈಯಿಂದ ಮೊಪೆಡ್ಡಿನ ಕೀಲಿ ತೆಗೆದುಕೊಂಡಳು. “ಆ ಆಟದಲ್ಲಿ ಗೆರೆ ಮುಟ್ಬಾರ್ದಪ್ಪಾ,” ಎಂದಳು, ಚಿಕ್ಕವರಿಗೆ ಹೇಳುವ ಹಾಗೆ ಮೆಲ್ಲಗೆ. “ಹಿಂದೆ ಕೂತ್ಕೋ. ನಾನ್ ಓಡಿಸ್ತೀನಿ.”

ಅವರು ಕೂತರು. ಸಿಂಗಟಗೆರೆ ರಸ್ತೆಯ ತಿರುವಿನವರೆಗೂ ಅವಳ ಕಿವಿಯ ಹತ್ತಿರ ಬಗ್ಗಿ ಏನೋ ಕೇಳುತ್ತಲೇ ಇದ್ದರು. ಅವಳು ತಲೆಯಾಡಿಸುತ್ತಿದ್ದಳು. ಹೌದೆಂದೋ ಅಲ್ಲವೆಂದೋ ನಾನು ನಿಂತಿದ್ದಲ್ಲಿಗೆ ಕಾಣಲಿಲ್ಲ.